ಟ್ರಂಕಿನಲ್ಲಿದ್ದ ಮಂಡಲ

ನಾನು ರಿಪೇರಿ ಮಾಡಿದ ಬೋರಿಂಗಿನ ಮೊದಲ ಬೊಗಸೆ ನೀರು ಕುಡಿಯುತ್ತಿದ್ದ ಮನುಷ್ಯ ಹೋದ ತಿಂಗಳು ಹೊಳಲ್ಕೆರೆಯಲ್ಲಿ ತೀರಿಕೊಂಡರು.

ಕೈಯಲ್ಲಿ ಹೊಡೆಯುವ ಪಂಪಿಗೆ ನಮ್ಮ ಕಡೆ ಬೋರಿಂಗು ಅನ್ನುತ್ತಾರೆ. ಪೈಪು ಮೇಲೆತ್ತಿ, ಸವೆದ ವಾಷರ್ ಬದಲಾಯಿಸಿ, ಮತ್ತೆ ಇಳಿಸಿ ಹಿಡಿ ಹೊಡೆದರೆ ಮೊದಲು ಕೆಂಪು ನೀರು ಬರುತ್ತದೆ. ಅದು ಹರಿದುಹೋಗಿ ತಿಳಿಯಾಗುವವರೆಗೆ ಅವರು ಪಕ್ಕದಲ್ಲಿ ನಿಂತಿರುತ್ತಿದ್ದರು. ಆಮೇಲೆ ಚಪ್ಪಲಿ ಬಿಟ್ಟು, ಪ್ಯಾಂಟು ಮೊಣಕಾಲಿನವರೆಗೆ ಮಡಿಸಿ, ಬಗ್ಗಿ ಬೊಗಸೆ ಒಡ್ಡುತ್ತಿದ್ದರು. ಬಾಯಲ್ಲಿ ಒಂದು ಸುತ್ತು ತಿರುಗಿಸಿ ನುಂಗಿ, ಕೈ ಒರೆಸಿಕೊಂಡು ರಿಜಿಸ್ಟರು ತೆಗೆದು ಬರೆಯುತ್ತಿದ್ದರು: ದುರಸ್ತಿಯಾಗಿದೆ, ನೀರು ಕುಡಿದು ನೋಡಲಾಗಿದೆ. ಕೆಳಗೆ ಸಹಿ.

ಆಗ ನನಗೆ ಇಪ್ಪತ್ತೆರಡು ವರ್ಷ. ಮೈಯಲ್ಲಿ ಕಸುವಿತ್ತು, ಮೂಗಿನ ತುದಿಯಲ್ಲಿ ಕೋಪವಿತ್ತು. ಒಂದು ದಿನ ಕೇಳಿಯೇಬಿಟ್ಟೆ.

"ನನ್ ಮ್ಯಾಲೆ ನಂಬಿಕೆ ಇಲ್ವಾ ಸಾರ್?"

"ನಿನ್ ಮ್ಯಾಲೆ ಐತೆ ಮೇಸ್ತ್ರಿ. ನನ್ ಸಹಿ ಮ್ಯಾಲೆ ಇಲ್ಲ. ನೋಡ್ದೇ ಹಾಕಿದ್ರೆ ಅದು ಸಹಿ ಅಲ್ಲ, ಬರೀ ಗೀಚಿದ್ದು."

ನನ್ನನ್ನು ಮೇಸ್ತ್ರಿ ಅಂತ ಮೊದಲು ಕರೆದವರು ಅವರು. ಅಲ್ಲಿಯವರೆಗೆ ಊರವರ ಬಾಯಲ್ಲಿ ನಾನು "ಲೇ ಬೋರಿಂಗು" ಆಗಿದ್ದೆ.

ಅವರಿಗೂ ಹೆಸರಿತ್ತು. ಏಳು ಹಳ್ಳಿಯಲ್ಲಿ ಯಾರೂ ಅದನ್ನು ಹೇಳಿದ್ದು ನಾನು ಕೇಳಿಲ್ಲ. ಸೆಕ್ರೆಟ್ರಿ ಸಾರ್ ಅಂದರೆ ಸಾಕಿತ್ತು. ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ.

ಈಗಿನವರಿಗೆ ಮಂಡಲ ಪಂಚಾಯ್ತಿ ಅಂದರೆ ತಿಳಿಯುವುದಿಲ್ಲ. ಈಗಿನ ಗ್ರಾಮ ಪಂಚಾಯ್ತಿಗಳು ಬರುವ ಮುಂಚೆ ಕೆಲವು ವರ್ಷ ಮಂಡಲ ಅಂತ ಇದ್ದವು. ಅಕ್ಕಪಕ್ಕದ ಹಳ್ಳಿಗಳು ಸೇರಿ ಒಂದು ಮಂಡಲ. ಓಟು ಹಾಕಿ ಆರಿಸಿದ ಮೆಂಬರುಗಳು, ಅವರಿಗೆಲ್ಲ ಒಬ್ಬ ಪ್ರಧಾನರು, ಕಾಗದಪತ್ರಕ್ಕೆ ಒಬ್ಬ ಸೆಕ್ರೆಟರಿ. ನಮ್ಮದು ಮತ್ತೋಡಿನಿಂದ ಆಚೆಗಿನ ಏಳು ಹಳ್ಳಿ, ಎರಡು ಹಟ್ಟಿ. ನಾನು ಅದರ ಬೋರಿಂಗ್ ರಿಪೇರಿಯವನು. ಸರ್ಕಾರ ಮಂಡಲಗಳನ್ನು ತೆಗೆದಾಗ, ನಮ್ಮ ಸೆಕ್ರೆಟರಿ ತಮ್ಮ ವಶದಲ್ಲಿದ್ದ ಪುಸ್ತಕ, ಮೊಹರು, ನಕಾಶೆ ಎಲ್ಲವನ್ನೂ ಪಟ್ಟಿ ಮಾಡಿ ಮುಂದಿನವರಿಗೆ ವಹಿಸಿಕೊಡಬೇಕಿತ್ತು. ಕೊಟ್ಟವರು, ತಗೊಂಡವರು ಇಬ್ಬರೂ ಸಹಿ ಹಾಕಬೇಕಿತ್ತು. ಚಾರ್ಜು ಕೊಡುವುದು ಅಂತಾರೆ ಅದಕ್ಕೆ. ಚಾರ್ಜು ತಗೊಳ್ಳಲು ಯಾರೂ ಬರಲಿಲ್ಲ. ಮೂವತ್ತು ವರ್ಷ ದಾಟಿತು, ಆಗಲೂ ಬರಲಿಲ್ಲ. ಕಣ್ಣು ಮುಚ್ಚುವ ಮೊದಲು ಚಾರ್ಜು ಕೊಟ್ಟು ಹಗುರಾಗಬೇಕು ಅನ್ನುವುದೊಂದೇ ಅವರಿಗೆ ಉಳಿದಿದ್ದ ಆಸೆ. ಅದು ಆಗಲಿಲ್ಲ. ಆಗದೇ ಇದ್ದದ್ದಕ್ಕೆ ನಾನು ಕಾರಣ.

ಬೇರೆ ಮಂಡಲಗಳಿಗೆ ಕಟ್ಟಡ ಇತ್ತು. ನಮ್ಮದಕ್ಕೆ ಟ್ರಂಕು ಇತ್ತು.

ಅದು ಹೀಗಾಯಿತು. ಸರ್ಕಾರದ ಕಾಗದದಲ್ಲಿ ನಮ್ಮ ಏಳರಲ್ಲಿ ದೊಡ್ಡ ಹಳ್ಳಿಗೆ ಮಂಡಲದ ಆಫೀಸು ಅಂತ ಬಂದಿತ್ತು. ಉಳಿದ ಆರು ಹಳ್ಳಿಯವರು ಆ ಊರಿನ ಕಟ್ಟೆ ಹತ್ತುವುದಿಲ್ಲ ಅಂದರು. ದೊಡ್ಡ ಹಳ್ಳಿಯವರು ಹಟಕ್ಕೆ ಬಿದ್ದು ಪಾಯ ಹಾಕಿದರು. ಪಕ್ಕದೂರಿನವರು ಗಾಡಿ ಕಟ್ಟಿಕೊಂಡು ಬಂದು ಹಾಡಹಗಲೇ ಆ ಕಲ್ಲು ಕಿತ್ತು ಒಯ್ದು ತಮ್ಮೂರಲ್ಲಿ ಪಾಯ ಹಾಕಿದರು. ಅದನ್ನು ಮೂರನೇ ಊರಿನವರು ಕಿತ್ತರು. ಕೊನೆಗೆ ಆ ಕಲ್ಲುಗಳು ಎಲ್ಲೆಲ್ಲಿ ಹೋದವೋ, ನಮ್ಮೂರಲ್ಲಿ ಒಂದರ ಮೇಲೆ ಈಗಲೂ ಬಟ್ಟೆ ಒಗೆಯುತ್ತಾರೆ.

ಸೆಕ್ರೆಟರಿ ಯಾರ ಜೊತೆಗೂ ಜಗಳಕ್ಕೆ ಹೋಗಲಿಲ್ಲ. ಹಿರಿಯೂರಿನ ಸಂತೆಗೆ ಹೋಗಿ ಒಂದು ಹಸಿರು ಬಣ್ಣದ ತಗಡಿನ ಟ್ರಂಕು ತಂದರು.

"ಪ್ರಧಾನರೇ, ಆಫೀಸು ಕಾಗದದಾಗೆ ಅಲ್ಲೇ ಇರ್ಲಿ. ಪೆಟ್ಟಿಗೆ ತಿರುಗ್ಲಿ. ತಿಂಗಳಿಗೊಂದು ಊರು."

ಪ್ರಧಾನರು ಕುರಿ ಕಾಯ್ದು ಮೇಲೆ ಬಂದವರು. "ಏನ್ರಿ ಸೆಕ್ರೆಟ್ರಿ, ಮಂಡಲ ಅಂದ್ರೆ ಕುರಿ ಹಿಂಡು ಅಂದ್ಕಂಡ್ರಾ, ಊರೂರಿಗೆ ಹೊಡ್ಕಂಡು ಹೋಗಾಕೆ?"

"ಹಿಂಡು ನಿಲ್ಲಿಸಿದ ಹೊಲದಾಗೇ ಬೆಳೆ ಚಲೋ ಬರೋದು ಅಂತ ನಿಮಗೆ ನಾನು ಹೇಳ್ಬೇಕೇನ್ರಿ."

ಪ್ರಧಾನರು ಬಾಯಿತುಂಬ ನಕ್ಕರು. ಅಲ್ಲಿಗೆ ಮುಗಿಯಿತು.

ಅಲ್ಲಿಂದ ಮಂಡಲ ಇರುವಷ್ಟು ದಿನವೂ ಅದು ತಿರುಗಿತು. ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಟ್ರಂಕು, ಹ್ಯಾಂಡಲ್ಲಿಗೆ ನೇತುಹಾಕಿದ ನೀಲಿ ತಗಡಿನ ಬೋರ್ಡು, ಪಕ್ಕದಲ್ಲಿ ಕೊಡೆ ಹಿಡಿದ ಅವರು. ಯಾವ ಊರಿನ ಸರದಿಯೋ ಆ ಊರಿನ ಶಾಲೆಯ ಜಗುಲಿ, ಚಾವಡಿ, ಗುಡಿ ಮುಂದಿನ ಪಡಸಾಲೆ, ಎಲ್ಲಿಯಾದರೂ ಸರಿ. ಬೋರ್ಡು ತೂಗುಹಾಕಿದರೆ ಅದೇ ಆಫೀಸು. ಸಭೆ ಮುಗಿದ ಮೇಲೆ ಬೋರ್ಡು ತೆಗೆದು, ಹೆಗಲ ಮೇಲಿನ ಟವಲಿನಲ್ಲಿ ಧೂಳು ಒರೆಸಿ ನನ್ನ ಕೈಗೆ ಕೊಡುತ್ತಿದ್ದರು. ಏಳು ಹಳ್ಳಿಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದರು, ಯಾವಾಗಲೂ ಒಂದೇ ಕ್ರಮದಲ್ಲಿ, ಚಿಕ್ಕ ಹಳ್ಳಿಯಿಂದ ಶುರು ಮಾಡಿ. ದೊಡ್ಡ ಹಳ್ಳಿಯವರಿಗೆ ಅದು ಕೊನೆಯವರೆಗೂ ಹಿಡಿಸಲಿಲ್ಲ.

ದಾರಿಯಲ್ಲಿ ಶೇಂಗಾ ಕೀಳುವವರು ತಲೆ ಎತ್ತಿ ಕೂಗುತ್ತಿದ್ದರು. "ಲೇ ಬೋರಿಂಗು, ಯಾವೂರಿಗೆ ಹೆಣ್ಣು ನೋಡಾಕೆ ಹೊಂಟ್ರಿ, ಟ್ರಂಕು ಸಮೇತ?"

ನಾನು ಉರಿದುಬೀಳುವ ಮೊದಲೇ ಅವರು ಉತ್ತರ ಕೊಡುತ್ತಿದ್ದರು. "ಹುಡುಗಿ ಇದ್ರೆ ಹೇಳಪ್ಪ, ಮೇಸ್ತ್ರಿ ಇನ್ನೂ ಒಂಟಿ. ದುಡಿಯೋ ಗಂಡು."

ಮಂಡಲಗಳಲ್ಲಿ ಹೆಂಗಸರಿಗೂ ಸೀಟು ಇಟ್ಟಿದ್ದರು. ನಮ್ಮಲ್ಲಿ ಒಂದು ಹಟ್ಟಿಯಿಂದ ಕುರಿ ಕಾಯುವ ಮನೆಯ ಹೆಣ್ಣುಮಗಳೊಬ್ಬಳು ಆರಿಸಿ ಬಂದಳು. ಮೊದಲ ಸಭೆ ಒಂದು ಊರಿನ ಗುಡಿಯ ಪಡಸಾಲೆಯಲ್ಲಿ ನಡೆಯಿತು. ಆಕೆ ಒಳಗೆ ಬರಲಿಲ್ಲ, ಮೆಟ್ಟಿಲ ಕೆಳಗೆ ಬಿಸಿಲಲ್ಲಿ ಸೆರಗು ಎಳೆದುಕೊಂಡು ಕುಳಿತಳು. ಗಂಡಸರು ಯಾರೂ ಕರೆಯಲಿಲ್ಲ.

"ಅಲ್ಲೇ ಕುಂತ್ಕಳ್ಲಿ ಬಿಡ್ರಿ ಸೆಕ್ರೆಟ್ರಿ. ಹೆಬ್ಬೆಟ್ಟು ಆಮ್ಯಾಲೆ ಒತ್ತಿಸ್ಕಳಾಣ," ಅಂದರು ಒಬ್ಬ ಮೆಂಬರು.

ಸೆಕ್ರೆಟರಿ ಪುಸ್ತಕ ಮುಚ್ಚಿ ಎದ್ದರು. "ಒಳಗೆ ಭಾಳ ಸೆಕೆ ಐತೆ. ಮೇಸ್ತ್ರಿ, ಟ್ರಂಕು ಎತ್ತು."

ಗುಡಿ ಎದುರಿನ ಬೇವಿನ ಮರಕ್ಕೆ ಬೋರ್ಡು ತೂಗುಹಾಕಿದೆ. ಆಕೆಯನ್ನು ಮೊದಲು ನೆರಳಿಗೆ ಕರೆದರು. ಗಂಡಸರು ಗೊಣಗುತ್ತ ಒಬ್ಬೊಬ್ಬರೇ ಬಂದು ಕೂತರು. ಅವತ್ತು ಬಂದಿದ್ದ ಪ್ರತಿಯೊಂದು ವಿಷಯವನ್ನೂ ಅವರು ಗಟ್ಟಿಯಾಗಿ ನಿಧಾನಕ್ಕೆ ಓದಿದರು. ಕೊನೆಗೆ ಕೇಳಿದರು.

"ಏನಮ್ಮ, ಕೇಳಿಸ್ತಾ? ಎಲ್ಲಾದಕ್ಕೂ ಒಪ್ಪಿಗೆನಾ?"

"ಒಪ್ಪಿಗೆ ಇಲ್ಲ. ನಮ್ಮ ಹಟ್ಟಿಗೆ ನೀರಿಲ್ಲ, ನಾನ್ಯಾಕೆ ಒಪ್ಲಿ?"

ಎಲ್ಲರೂ ನಕ್ಕರು. ಸೆಕ್ರೆಟರಿ ನಗಲಿಲ್ಲ. ಬರೆದುಕೊಂಡು ಓದಿದರು: "ಹಟ್ಟಿಗೆ ನೀರಿಲ್ಲವೆಂದು, ಆದುದರಿಂದ ತಮ್ಮ ಒಪ್ಪಿಗೆ ಇಲ್ಲವೆಂದು ಸದಸ್ಯರು ತಿಳಿಸಿದರು."

ಆಕೆ ತಲೆ ಎತ್ತಿದಳು. "ನಾನ್ ಹೇಳಿದ್ದು ಅದ್ರಾಗೆ ಐತಾ?"

"ಐತಮ್ಮ."

"ಇನ್ನೊಂದ್ ಸಲ ಓದ್ರಿ."

ಓದಿದರು. ಆಮೇಲೆ ಬಂದ ಬೇಸಿಗೆಯೊಳಗೆ ಆ ಹಟ್ಟಿಗೆ ಬೋರಿಂಗು ಬಂತು. ಹಿಡಿ ಹೊಡೆದವಳು ಆಕೆ, ಬೊಗಸೆ ಒಡ್ಡಿದವರು ಅವರು.

ಅವರು ದೇವರಂಥ ಮನುಷ್ಯ ಅಂತ ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಅವರ ಜೊತೆ ಕೆಲಸ ಮಾಡುವುದು ಜೀವ ಹಿಂಡಿದ ಹಾಗಿರುತ್ತಿತ್ತು. ಒಂದು ಊರಲ್ಲಿ ಹೊಸ ಬೋರಿಂಗಿಗೆ ಪೂಜೆ ಮಾಡಿ, ಕಾಯಿ ಒಡೆದು, ಎಲ್ಲರಿಗೂ ಮಂಡಕ್ಕಿ ಹಂಚಿ ಮುಗಿದಿತ್ತು. ಅವರು ಕುಡಿದು, ಉಗಿದು, "ಉಪ್ಪು. ದನಕ್ಕೆ ಮಾತ್ರ" ಅಂತ ಬರೆದುಬಿಟ್ಟರು. ಊರವರು ನಮ್ಮಿಬ್ಬರನ್ನೂ ಬಸ್ ಸ್ಟಾಂಡಿನವರೆಗೆ ಬೈಯುತ್ತ ಬಂದರು. "ಒಂದು ಮಾತು ಬಿಟ್ಟು ಬರೆದಿದ್ರೆ ಏನಾಗ್ತಿತ್ತು ಸಾರ್?" ಅಂದೆ. "ಮಕ್ಕಳು ಕುಡೀತಿದ್ರು," ಅಂದರು, ಅಷ್ಟೇ. ಊಟ ತಪ್ಪಿದ್ದರ ಬಗ್ಗೆ ಒಂದು ಮಾತಿಲ್ಲ. ನನಗೆ ಹಸಿವು.

ಮಂಡಲಗಳನ್ನು ತೆಗೆದಾಗ ನಮ್ಮ ಏಳು ಹಳ್ಳಿ ಮೂರು ಪಾಲಾದವು. ಮೂರು ಹಳ್ಳಿ ಒಂದು ಪಂಚಾಯ್ತಿಗೆ, ಎರಡು ಇನ್ನೊಂದಕ್ಕೆ, ಎರಡು ಮತ್ತೊಂದಕ್ಕೆ. ಕಟ್ಟಡ ಇದ್ದ ಕಡೆಗಳಲ್ಲಿ ಹಳೇ ಬೋರ್ಡು ತೆಗೆದು ಹೊಸದು ಬಡಿದರು, ಆಯಿತು. ಕಟ್ಟಡದ ಜೊತೆ ಬೀರು, ಬೀರುವಿನೊಳಗಿನ ಪುಸ್ತಕ ಎಲ್ಲ ಹೊಸಬರಿಗೆ ಹೋದವು. ನಮ್ಮದು ಎಲ್ಲ ಊರಿನದೂ ಆಗಿತ್ತು. ಆದ್ದರಿಂದ ಯಾವ ಊರಿನದೂ ಆಗಲಿಲ್ಲ. ಮೂರು ಪಂಚಾಯ್ತಿಗೂ ಅವರು ಪತ್ರ ಬರೆದರು. ಮೇಲಿನ ಅಧಿಕಾರಿಯೊಬ್ಬರ ಮುಂದೆ ಟ್ರಂಕು ಇಳಿಸಿ ನಿಂತಾಗ ನಾನು ಜೊತೆಗಿದ್ದೆ. ಆತ ಒಳ್ಳೆಯ ಮನುಷ್ಯನೇ. "ಸದ್ಯಕ್ಕೆ ನಿಮ್ಮ ಹತ್ರಾನೇ ಇಟ್ಕಳ್ರಿ, ನೋಡಾಣ," ಅಂದ.

ಆ ಸದ್ಯ ಮುಗಿಯಲೇ ಇಲ್ಲ. ಅವರನ್ನು ಬೇರೆ ಪಂಚಾಯ್ತಿಗೆ ಹಾಕಿದರು, ಅಲ್ಲಿಂದ ಮತ್ತೊಂದಕ್ಕೆ. ಮನೆ ಬದಲಾಯಿಸಿದಾಗಲೆಲ್ಲ ಟ್ರಂಕು ಜೊತೆಗೆ ಹೋಯಿತು. ಅವರ ಮನೆಯವರು, ಈಗಿಲ್ಲ, ನನ್ನ ಮುಂದೆಯೇ ಹೇಳುತ್ತಿದ್ದರು: "ನೋಡಪ್ಪ, ಇವರು ನನ್ನ ಕಟ್ಕಂಡು ಬಂದ್ರು, ಅದನ್ನ ಹೊತ್ಕಂಡು ಬಂದ್ರು. ನನಗಿಂತ ಅದಕ್ಕೇ ಉಪಚಾರ ಜಾಸ್ತಿ." ಉಪಚಾರ ನಿಜವೇ. ವರ್ಷಕ್ಕೊಂದು ಸಲ ಎಲ್ಲ ಹೊರಗೆ ತೆಗೆದು ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಇಟ್ಟು, ಪಟ್ಟಿಯ ಜೊತೆ ತಾಳೆ ನೋಡಿ ಒಳಗಿಡುತ್ತಿದ್ದರು. ರಿಟೈರಾದ ಮೇಲೆ ದುರ್ಗದ ಜಿಲ್ಲಾ ಆಫೀಸುಗಳಿಗೆ ಎಷ್ಟು ಸಲ ಓಡಾಡಿದರೋ. ಹೋದಲ್ಲೆಲ್ಲ ಕುರ್ಚಿ ಕೊಟ್ಟು, ಟೀ ಕೊಟ್ಟು ಕಳಿಸಿದರು. ಟ್ರಂಕು ಮಾತ್ರ ಯಾರೂ ಇಳಿಸಿಕೊಳ್ಳಲಿಲ್ಲ.

ನಾನು ನನ್ನ ದುಡಿಮೆಯಲ್ಲಿ ಬಿದ್ದೆ. ಬೋರಿಂಗುಗಳ ಕಾಲ ಹೋಗಿ ಮೋಟರುಗಳ ಕಾಲ ಬಂತು. ಆಳದ ಬೋರಿಗೆ ಮೋಟರು ಇಳಿಸುವುದು, ಕೆಟ್ಟದ್ದನ್ನು ಎತ್ತುವುದು ನನ್ನ ಕೆಲಸ. ಮಾರಿಕಣಿವೆಯಿಂದ ಧರ್ಮಪುರದವರೆಗೆ ತೋಟದವರು ನನ್ನನ್ನು ಕರೆಯುತ್ತಾರೆ. ನಾಲ್ಕು ಜನಕ್ಕೆ ಕೆಲಸ ಕೊಟ್ಟಿದ್ದೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ಅಂತ ಈಗ ಯಾರೂ ನೆನಪಿಸುವುದಿಲ್ಲ. ಈ ಮಾತನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅವರು ಫೋನು ಮಾಡಿಸಿ ಕರೆಸಿಕೊಂಡರು. ಹೊಳಲ್ಕೆರೆಯಲ್ಲಿ ಮಗಳ ಮನೆಯಲ್ಲಿದ್ದರು. ಮಗಳು ಹೈಸ್ಕೂಲು ಟೀಚರು. ಮನೆ ತುಂಬ ಟ್ಯೂಷನ್ನಿನ ಮಕ್ಕಳು, ಮಗ್ಗಿ ಹೇಳುವ ಸದ್ದು. ಅವರು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಎಂಬತ್ತು ದಾಟಿತ್ತು. ಟ್ರಂಕು ಮಂಚದ ಕೆಳಗಿತ್ತು. ಕೈಯಲ್ಲಿ ಪಟ್ಟಿ, ಮೂರು ಹಾಳೆ, ನಲವತ್ತೊಂದು ಬಾಬತ್ತು, ಹೊಸದಾಗಿ ದುಂಡಗೆ ಬರೆದದ್ದು.

"ಮೇಸ್ತ್ರಿ, ಇದನ್ನ ನೀನು ತಗಂಡುಬಿಡು."

"ನಾನಾ ಸಾರ್?"

"ಪ್ರಧಾನರು ಹೋದ್ರು. ಮೆಂಬರುಗಳೂ ಒಬ್ಬೊಬ್ರೇ ಹೋದ್ರು. ಮಂಡಲದ ಮಂದಿ ಅಂತ ಉಳಿದಿರೋರು ನಾವು ಎಲ್ಡೇ ಜನ. ಒಂದು ವಾರ ಬಂದುಹೋಗು. ಒಂದೊಂದೇ ನೋಡಾಣ, ಓದಾಣ. ಆಮ್ಯಾಲೆ ಸಹಿ ಹಾಕು."

ನಾನು ಅವತ್ತೇ ಹೂಂ ಅನ್ನಬೇಕಿತ್ತು.

ಆದರೆ ನನಗೆ ಏನೇನೋ ಅನ್ನಿಸಿತು. ಏಳು ಹಳ್ಳಿಯ ಆಡಳಿತವನ್ನು ನಟ್ಟು ಬಿಚ್ಚುವ ಪಾನಾ ಹಿಡಿಯುವ ಕೈಯಲ್ಲಿ ತಗೊಂಡರೆ ಅವರಿಗೇ ಕಮ್ಮಿ ಅನ್ನಿಸಿತು. ಅವರ ಮುಂದೆ ಕೂತು ಪುಸ್ತಕ ಓದಬೇಕು, ತಡವರಿಸುತ್ತೇನೆ ಅನ್ನುವುದೂ ಇತ್ತು. ಇದೆಲ್ಲಕ್ಕಿಂತ ಮೇಲೆ ಇನ್ನೊಂದಿತ್ತು. ಇವರಿಗೆ ಮೂವತ್ತು ವರ್ಷ ಆಗದ ಕೆಲಸವನ್ನು ನಾನು ಮಾಡಿಸಿ ತೋರಿಸುತ್ತೇನೆ ಅನ್ನುವ ಜಂಬ.

"ಸರ್ಕಾರದ್ದು ಸರ್ಕಾರಕ್ಕೇ ಹೋಗ್ಬೇಕು ಸಾರ್. ನಾನು ಕೊಡಿಸ್ತೀನಿ. ಆ ಕಡೆ ನನ್ ಮಾತು ತೆಗೆದುಹಾಕೋರು ಯಾರೂ ಇಲ್ಲ."

"ಅವರು ಬರಲ್ಲ ಮೇಸ್ತ್ರಿ."

"ನಾನ್ ಕರ್ಕಂಬರ್ತೀನಿ."

ಅವರು ಪಟ್ಟಿ ಮಡಿಸಿ ದಿಂಬಿನ ಕೆಳಗೆ ಇಟ್ಟರು. "ಆಗ್ಲಪ್ಪ," ಅಂದರು.

ಮೂರು ಪಂಚಾಯ್ತಿಗೂ ಹೋದೆ. ಮೊದಲನೆಯ ಕಡೆ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಫೋನಿನಲ್ಲಿ ಟ್ರಂಕಿನ ಫೋಟೋ ತೋರಿಸಿದೆ. "ಅಣ್ಣ, ಈ ಪಂಚಾಯ್ತಿ ಹುಟ್ಟಿದ್ದೇ ಆಮೇಲೆ. ನಾನು ಹುಟ್ಟಿದ್ದೂ ಆಮೇಲೆ. ನಮ್ಮದು ಅಂತ ಇದನ್ನ ಹೆಂಗ್ ತಗಳ್ಲಿ?" ಅಂದಳು. ಎರಡನೆಯ ಕಡೆ, ನಿಮ್ಮ ಮಂಡಲದ ಹೆಚ್ಚು ಹಳ್ಳಿ ಇರೋದು ಆ ಪಂಚಾಯ್ತಿಯಲ್ಲಿ, ಅಲ್ಲಿ ಕೇಳ್ರಿ ಅಂದರು. ಆ ಪಂಚಾಯ್ತಿ ಅಂದರೆ ಮೊದಲನೆಯದೇ. ಮೂರನೆಯವರು ಎಲ್ಲ ಪುಟದ ಫೋಟೋ ಹೊಡೆದು ವಾಟ್ಸಾಪ್ ಮಾಡ್ರಿ ಅಂದರು. ಇವರಲ್ಲಿ ಇಬ್ಬರ ತೋಟದ ಮೋಟರು ಇಳಿಸಿದವನು ನಾನು. ನನ್ನ ಮಾತಿಗೆ ಅವರು ಕೊಟ್ಟ ಬೆಲೆ ಅಂದರೆ ಒಂದು ಎಳನೀರು.

ಆಗಲಿಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಒಪ್ಪಿದಾರೆ ಸಾರ್, ಬರೋ ಸೋಮವಾರ ಬರ್ತಾರೆ ಅಂತ ಫೋನಿನಲ್ಲಿ ಹೇಳಿದೆ. ಸೋಮವಾರ ಬಂತು, ಸಾಹೇಬರಿಗೆ ಮೀಟಿಂಗು ಅಂದೆ. ಮತ್ತೊಂದು ಸೋಮವಾರ ಹೇಳಿದೆ. ಆಮೇಲೆ ಮಗಳು ಫೋನು ಮಾಡಿದರು. "ಅಣ್ಣ, ಅಪ್ಪಂಗೆ ಮೈ ಹುಷಾರಿಲ್ಲ. ಸೋಮವಾರ ಬಂದ್ರೆ ಸ್ನಾನ ಮಾಡಿ ಇಸ್ತ್ರಿ ಶರ್ಟು ಹಾಕ್ಕಂಡು ಬಾಗಿಲ ಕಡೆ ನೋಡ್ತಾ ಕೂತಿರ್ತಾರೆ. ಅವರು ಬರ್ತಾರೋ ಇಲ್ವೋ ಒಂದು ಹೇಳ್ಬಿಡಿ."

ಆಗ ನನಗೆ ಆ ಕೆಟ್ಟ ಯೋಚನೆ ಬಂತು. ಹೊಸದುರ್ಗದಲ್ಲಿ ನನ್ನ ಗೆಳೆಯ ಒಬ್ಬನಿದ್ದಾನೆ, ಬಸ್ ಕಂಡಕ್ಟರಾಗಿ ರಿಟೈರಾದವನು. ಎತ್ತರದ ಆಳು, ಚಿನ್ನದ ಬಣ್ಣದ ಕನ್ನಡಕ, ನೋಡಿದರೆ ಯಾರಾದರೂ ಎದ್ದು ನಿಲ್ಲಬೇಕು.

"ನನ್ನ ಏನ್ ಕೇಳ್ತಾರೆ ಮಾರಾಯ? ನನಗೆ ಮಂಡಲ ಗೊತ್ತಿಲ್ಲ, ಗಿಂಡಲ ಗೊತ್ತಿಲ್ಲ."

"ಏನೂ ಕೇಳಲ್ಲ. ನಮಸ್ಕಾರ ಅನ್ನು, ಸಹಿ ಹಾಕು. ಸಾಯೋ ಜೀವ, ಸಮಾಧಾನ ಆಗ್ಲಿ."

"ಸಫಾರಿ ಐತೆ, ಮಗಳ ಮದುವೆಗೆ ಹೊಲಿಸಿದ್ದು. ಪೆನ್ನು ಎಲ್ಡು ಇಟ್ಕಳ್ಲಾ?"

"ಒಂದು ಸಾಕು ಕಣಲೇ."

ನಾನು ಮಾಡುತ್ತಿರುವುದು ಪುಣ್ಯದ ಕೆಲಸ ಅಂತಲೇ ಅಂದುಕೊಂಡಿದ್ದೆ. ದಾರಿಯುದ್ದಕ್ಕೂ ನಗುತ್ತಲೇ ಹೋದೆವು.

ಅವರು ಸಿದ್ಧವಾಗಿದ್ದರು. ಬಿಳಿ ಶರ್ಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡು, ಕಾಲು ಕೆಳಗೆ ಬಿಟ್ಟು ಮಂಚದ ಅಂಚಿನಲ್ಲಿ ಕೂತಿದ್ದರು. ಟ್ರಂಕನ್ನು ನಡುಮನೆಗೆ ಎಳೆಸಿದ್ದರು. ಮುಚ್ಚಳ ತೆರೆದಿತ್ತು. ಒಳಗೆ ಪ್ರತಿಯೊಂದು ಕಟ್ಟಿಗೂ ದಾರ, ದಾರಕ್ಕೆ ಚೀಟಿ, ಚೀಟಿಗೆ ನಂಬರು. ನೀಲಿ ಬೋರ್ಡನ್ನು ಕಿಟಕಿಯ ಸರಳಿಗೆ ತೂಗುಹಾಕಿಸಿದ್ದರು.

"ಬರ್ರಿ ಸಾರ್, ಕುಂತ್ಕಳ್ರಿ," ಅಂದರು ನನ್ನ ಗೆಳೆಯನಿಗೆ, ಏಳಲು ನೋಡುತ್ತ.

"ನೀವು ಕೂತಿರ್ರಿ, ಕೂತಿರ್ರಿ. ಎಲ್ಲ ಅಚ್ಚುಕಟ್ಟಾಗೈತೆ. ಎಲ್ಲಿ ಹಾಕ್ಲಿ ಸಹಿ?"

"ಮೊದಲು ನೋಡ್ರಿ ಸಾರ್. ಒಂದನೇ ಬಾಬತ್ತು, ಸಭೆ ನಡಾವಳಿ ಪುಸ್ತಕ. ಆರು."

"ನಿಮ್ಮಂಥ ಹಿರೇರು ಬರೆದ ಮ್ಯಾಲೆ ನೋಡೋದೇನೈತೆ ಬಿಡ್ರಿ," ಅಂದವನೇ ಪಟ್ಟಿ ತಗೊಂಡು, ಬಸ್ಸಿನಲ್ಲಿ ಟಿಕೆಟು ಹರಿದ ಹಾಗೆ, ಮೂರು ಹಾಳೆಗೆ ಮೂರು ಸಹಿ ಎಳೆದುಬಿಟ್ಟ.

ಪಟ್ಟಿ ಅವರ ಕೈಗೆ ಬಂತು. ಆ ಸಹಿಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿ ನೋಡಿದ್ದು ನನ್ನ ಗೆಳೆಯನನ್ನಲ್ಲ, ನನ್ನನ್ನು. ಜೇಬಿನಿಂದ ತಮ್ಮ ಪೆನ್ನು ತೆಗೆದರು. ವಹಿಸಿಕೊಟ್ಟವರು ಅಂತ ಇದ್ದ ಕಡೆ ಮೊನೆ ಇಟ್ಟರು. ಕೈ ಮುಂದೆ ಹೋಗಲಿಲ್ಲ. ಪೆನ್ನಿಗೆ ಟೋಪಿ ಹಾಕಿ ವಾಪಸ್ ಜೇಬಿಗೆ ಸಿಕ್ಕಿಸಿಕೊಂಡರು.

"ಅವರು ನೋಡ್ದೇ ಹಾಕಿದ್ರು," ಅಂದರು.

"ದೊಡ್ಡ ಸಾಹೇಬ್ರು ಸಾರ್, ಟೈಮಿಲ್ಲ ಅವರಿಗೆ..."

"ನೀನು ನೋಡಿದ್ಯಾ?"

ನಾನು ಬಗ್ಗಿ ಟ್ರಂಕಿನ ಮುಚ್ಚಳ ಹಾಕಿದೆ. ಅವರು ಮತ್ತೆ ಕೇಳಲಿಲ್ಲ. ಒಳಗಿನಿಂದ ಕಾಫಿ ಬಂತು. ಮಗಳು ಸಂತೋಷದಿಂದ ನನ್ನ ಗೆಳೆಯನಿಗೆ ಇನ್ನೊಂದು ಚಕ್ಕುಲಿ ಬಡಿಸಿದರು. ಅವನು ತಿನ್ನಲಾರದೆ ತಿಂದ, ಟ್ರಂಕು ಒಯ್ಯಲು ಯಾರನ್ನಾದರೂ ಕಳಿಸ್ತೀನಿ ಅಂದ. ಹೊರಡುವಾಗ ನಾನು ಅವರ ಕಾಲು ಮುಟ್ಟಿದೆ.

"ಹೋಗ್ಬಾರಪ್ಪ. ಕೆಲಸ ಇರ್ತಾವೆ ನಿಂಗೆ," ಅಂದರು.

ಮೇಸ್ತ್ರಿ ಅನ್ನಲಿಲ್ಲ.

ಬೈದಿದ್ದರೆ ಮಾರನೇ ದಿನವೇ ಹೋಗಿ ಅವರ ಮುಂದೆ ಕೂರುತ್ತಿದ್ದೆ. ಬೈಯಲಿಲ್ಲವಾದ್ದರಿಂದ ಮುಖ ತೋರಿಸಲು ಆಗಲಿಲ್ಲ. ಇವತ್ತು ನಾಳೆ ಅಂತ ಮೂರು ವಾರ ದೂಡಿದೆ. ಧರ್ಮಪುರದ ಕಡೆ ಒಂದು ತೋಟದಲ್ಲಿ ಮೋಟರು ಅರ್ಧ ಎತ್ತಿದ್ದಾಗ ಮಗಳ ಫೋನು ಬಂತು. ಪೈಪನ್ನು ಹುಡುಗರ ಕೈಗೆ ಬಿಟ್ಟು ಬಂದೆ. ಅಷ್ಟು ವರ್ಷದಲ್ಲಿ ಕೆಲಸ ಅರ್ಧಕ್ಕೆ ಬಿಟ್ಟು ಬಂದದ್ದು ಅದೊಂದೇ ಸಲ. ಬಂದು ಮಾಡಿದ್ದೇನು, ಹೆಗಲು ಕೊಟ್ಟೆ. ಹಗುರವಾಗಿದ್ದರು.

ಹನ್ನೊಂದನೇ ದಿನ ಮುಗಿದ ಮೇಲೆ ಮಗಳು ಕೇಳಿದರು. "ಅಣ್ಣ, ಟ್ರಂಕು ನೀವು ತಗಂಡು ಹೋಗ್ತೀರಾ? ಆ ಸಾಹೇಬ್ರು ಆಮೇಲೆ ಯಾರನ್ನೂ ಕಳಿಸಲೇ ಇಲ್ಲ. ಮಕ್ಕಳಿಗೆ ಜಾಗ ಸಾಲ್ದು."

"ತಗಂಡು ಹೋಗ್ತೀನಮ್ಮ. ಅಪ್ಪ ನನಗೆ ಏನಾದ್ರೂ ಹೇಳಿದ್ರಾ?"

"ಇಲ್ಲಣ್ಣ. ಅವತ್ತಿಂದ ಆ ಮಾತೇ ಎತ್ತಲಿಲ್ಲ. ಚಾರ್ಜು ಕೊಟ್ಟಾಯ್ತಲ್ಲ ಅಂತ ನೆಮ್ಮದಿ ಆಗಿತ್ತೇನೋ." ಅವರು ಕಣ್ಣು ಒರೆಸಿಕೊಂಡರು. "ನಿಮ್ಮಿಂದ ದೊಡ್ಡ ಉಪಕಾರ ಆಯ್ತು."

ನಾನು ಇಲ್ಲ ಅನ್ನಲಿಲ್ಲ. ಆ ಹೆಣ್ಣುಮಗಳಿಗೆ ಅಷ್ಟಾದರೂ ಇರಲಿ ಅಂತಲೋ, ನನಗೆ ಧೈರ್ಯ ಸಾಲದೆಯೋ, ನನಗೇ ತಿಳಿಯದು.

ಟ್ರಂಕು ನಮ್ಮ ಮನೆಯ ಪಡಸಾಲೆಯಲ್ಲಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಕೂತು ಒಂದೊಂದೇ ಬಾಬತ್ತು ನೋಡಿದೆ. ಆರೂ ನಡಾವಳಿ ಪುಸ್ತಕವನ್ನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದೆ. ಯಾವ ಊರಿನ ಮಾತು ಯಾರು ಆಡಿದರು, ಯಾರು ಎದ್ದುಹೋದರು, ಯಾರು ಮರಳಿ ಬಂದು ಕೂತರು, ಎಲ್ಲ ಇದೆ. ಅವರು ನನ್ನನ್ನು ಒಂದು ವಾರ ಕೇಳಿದ್ದರು. ನನಗೆ ಇಪ್ಪತ್ತು ದಿನ ಹಿಡಿಯಿತು. ಎದುರಿಗೆ ಅವರಿದ್ದಿದ್ದರೆ ನಾನು ತಡವರಿಸಿದ ಕಡೆ ಓದಿ ಹೇಳುತ್ತಿದ್ದರು, ವಾರದಲ್ಲೇ ಮುಗಿಯುತ್ತಿತ್ತು. ನಲವತ್ತೊಂದು ಬಾಬತ್ತೂ ತಾಳೆಯಾಗಿವೆ. ಅರ್ಧ ಡಬ್ಬಿ ಗುಂಡುಪಿನ್ನು ಅಂತ ಬರೆದಿದ್ದರು, ಅರ್ಧ ಡಬ್ಬಿಯೇ ಇದೆ.

ಪಟ್ಟಿಯ ಕೊನೆಯಲ್ಲಿ ಬಲಗಡೆ ಕಂಡಕ್ಟರನ ಸಹಿ ಇದೆ. ಅದನ್ನು ಹೊಡೆದುಹಾಕಿದ್ದೇನೆ. ಅದರ ಕೆಳಗೆ ನನ್ನ ಹೆಸರು ಬರೆಯುವಷ್ಟು ಜಾಗ ಇದೆ. ಎಡಗಡೆ, ವಹಿಸಿಕೊಟ್ಟವರು ಅಂತ ಇರುವಲ್ಲಿ, ಒಂದು ಚುಕ್ಕೆ ಇದೆ, ಅಷ್ಟೇ. ಎಲ್ಲ ನೋಡಿದ್ದೇನೆ, ಓದಿದ್ದೇನೆ, ಒಂದೂ ಕಮ್ಮಿಯಿಲ್ಲ. ಎರಡು ಸಲ ಪೆನ್ನು ಹಿಡಿದು ಕೂತೆ. ಅವರು ನನಗೆ ಕೊಡಲು ಬಂದಾಗ ಬೇಡ ಅಂದವನು ನಾನು. ಈಗ ಅವರಿಂದ ತಗೊಂಡೆ ಅಂತ ಹೇಗೆ ಸಹಿ ಹಾಕಲಿ.